ಅಜ್ಜಿಯ ರುಬ್ಬುಗುಂಡು, ಕೊಕ್ಕಿಲ್ಲದ ಹಕ್ಕಿ

ಮೈಸೂರು
ಸೋಮವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಮೂರು ಚಿತ್ರಗಳನ್ನೂ ನೋಡಿದೆ. ಜೊತೆಗಿದ್ದ ಸಾಲನ್ನೂ ಓದಿದೆ: ‘ಅತ್ತೆ, ಅಬ್‌ಸ್ಟ್ರಾಕ್ಟ್ ಶಿಲ್ಪ ಮಾಡ್ಕೊಂಡು ಬನ್ನಿ ಅಂದಿದಾರೆ. ಎರಡಡಿ ಎತ್ತರ, ಮೂರು ವಾರ ಟೈಮು. ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ.’ ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಅದಕ್ಕೇ ಕಾಗದ ಹಿಡಿದು ಕೂತೆ. ಶಿಲ್ಪ ಕಲಿಸುತ್ತಾ ಮೂವತ್ತು ವರ್ಷ ಕಳೆದವಳು ನಾನು. ಮೊದಲ ವರ್ಷದ ಬಿವಿಎ ಮಕ್ಕಳು ಪ್ರತಿ ಸಲ ಇದೇ ಪ್ರಶ್ನೆಯ ಮುಂದೆ ಕಂಗಾಲಾಗಿ ನಿಲ್ಲುವುದನ್ನು ಕಂಡಿದ್ದೇನೆ. ಅವರಲ್ಲಿ ಅನೇಕರಿಗೆ ಅಂಕ ಕೊಟ್ಟೆ, ಉತ್ತರ ಕೊಡಲಿಲ್ಲ. ಆ ಬಾಕಿಯೂ ಇದರಲ್ಲಿ ಸೇರಿದೆ. ಹಾಗಾಗಿ ನಿನ್ನ ಜೊತೆ ಓದುವವರಿಗೂ ಇದನ್ನು ಓದಲು ಕೊಡು.

ಚಿತ್ರಗಳ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮೊದಲನೆಯದರಲ್ಲಿ ತುಂಡಾದ ಸರಪಳಿ, ಅದರಿಂದ ಮೇಲೇಳುವ ಪಾರಿವಾಳ. ಕೆಳಗೆ ‘ಸ್ವಾತಂತ್ರ್ಯ’ ಎಂದು ಬರೆದಿದ್ದೀಯ. ಎರಡನೆಯದು ಬಿರುಕು ಬಿಟ್ಟ ಹೆಣ್ಣಿನ ಮುಖ. ಇವೆರಡೂ ಅಮೂರ್ತವಲ್ಲ, ಸಂಕೇತಗಳು. ಸರಪಳಿ ಎಂದರೆ ಬಂಧನ, ಪಾರಿವಾಳ ಎಂದರೆ ಬಿಡುಗಡೆ ಎಂದು ನೋಡುವವರಿಗೆ ಮೊದಲೇ ಗೊತ್ತು. ಅವರು ಅದನ್ನು ಓದಿಕೊಂಡು ಮುಂದಕ್ಕೆ ಹೋಗುತ್ತಾರೆ, ಸುತ್ತಿ ಬಂದು ಹಿಂದಿನಿಂದ ನೋಡುವುದಿಲ್ಲ. ಮೂರನೆಯದು ತಿರುಚಿದ ರಿಬ್ಬನ್ನಿನಂಥ ಆಕಾರ, ನಡುವೆ ಒಂದು ತೂತು. ಇಂಟರ್ನೆಟ್ಟಿನಲ್ಲಿ ಕಂಡದ್ದು ಅಂತ ನೀನೇ ಒಪ್ಪಿಕೊಂಡಿದ್ದೀಯ, ಅದು ನನಗೆ ಹಿಡಿಸಿತು. ಅದೇನೋ ಅಮೂರ್ತವೇ. ಆದರೆ ನಿನ್ನದಲ್ಲ. ಇಂಗ್ಲೆಂಡಿನ ಬಾರ್ಬರಾ ಹೆಪ್‌ವರ್ತ್ 1930ರ ದಶಕದ ಆರಂಭದಲ್ಲಿ ಅಲಬಾಸ್ಟರ್ ಕಲ್ಲನ್ನು ಈಚೆಯಿಂದ ಆಚೆಗೆ ಕೊರೆದು ತೆರೆದಾಗ ಅದರ ಹಿಂದೆ ಅವರ ಕೈಯ ಹುಡುಕಾಟವಿತ್ತು. ಕಲ್ಲಿನೊಳಗಿನ ಖಾಲಿ ಜಾಗಕ್ಕೂ ಒಂದು ಆಕಾರವಿದೆ ಎಂದು ಅವರು ಕಂಡುಕೊಂಡರು. ನಿನ್ನ ಚಿತ್ರದಲ್ಲಿ ತೂತು ಯಾಕಿದೆ? ಬೇರೆಯವರಲ್ಲಿ ಇತ್ತು, ಅದಕ್ಕೆ.

ನಾವು ಕನ್ನಡದಲ್ಲಿ ಬಳಸುವ ‘ಅಮೂರ್ತ’ ಎಂಬ ಮಾತೇ ಶಿಲ್ಪದ ಮಟ್ಟಿಗೆ ದಾರಿ ತಪ್ಪಿಸುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸಿದೆ. ಅಮೂರ್ತ ಅಂದರೆ ರೂಪವಿಲ್ಲದ್ದು. ಎರಡಡಿ ಎತ್ತರ ನಿಂತು, ಹತ್ತು ಕೆಜಿ ತೂಗಿ, ನೆಲದ ಮೇಲೆ ನೆರಳು ಬೀಳಿಸುವ ವಸ್ತುವಿಗೆ ರೂಪ ಇಲ್ಲದೆ ಹೇಗೆ? ಇಂಗ್ಲಿಷ್ ಪದದ ಲ್ಯಾಟಿನ್ ಬೇರಿನಲ್ಲಿರುವ ಅರ್ಥ ಬೇರೆ: ಒಂದರಿಂದ ಇನ್ನೊಂದನ್ನು ಎಳೆದು ತೆಗೆಯುವುದು. ಅದಕ್ಕೆ ಸರಿಹೊಂದುವ ಕನ್ನಡ ಅಡುಗೆಮನೆಯಲ್ಲೇ ಇದೆ. ಮೊಸರನ್ನು ಕಡೆಯುತ್ತೇವೆ, ಕಲ್ಲನ್ನೂ ಕಡೆಯುತ್ತೇವೆ. ಕಡೆದಾಗ ಬೆಣ್ಣೆ ಬೇರೆಯಾಗುತ್ತದೆ. ಬೆಣ್ಣೆ ನೋಡಲು ಮೊಸರಿನಂತಿಲ್ಲ, ಆದರೆ ಮೊಸರಿನಲ್ಲಿ ಇಲ್ಲದ್ದು ಯಾವುದೂ ಅದರಲ್ಲಿಲ್ಲ. ನೀನು ಮಾಡಬೇಕಾದ್ದು ಇದೇ ಕೆಲಸ. ನಿನಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತುವನ್ನು ಹಿಡಿದು, ಬೇಡದ್ದನ್ನು ಒಂದೊಂದಾಗಿ ಬಿಡುತ್ತಾ ಹೋಗುವುದು. ನಿನ್ನ ಮೂರನೆಯ ಚಿತ್ರದಲ್ಲಿ ಕಡೆಗೋಲು ತಿರುಗುತ್ತಿದೆ, ಗಡಿಗೆಯಲ್ಲಿ ಮೊಸರೇ ಇಲ್ಲ.

ನಮ್ಮಮ್ಮ, ಅಂದರೆ ನಿನ್ನ ಅಜ್ಜಿ, ಪೂಜೆಗೆ ಮುಂಚೆ ಏನು ಮಾಡುತ್ತಿದ್ದರು ನೆನಪಿದೆಯಾ? ಒಂದು ಮುಷ್ಟಿ ಸಗಣಿಯನ್ನು ಉಂಡೆ ಮಾಡಿ, ಮೇಲಕ್ಕೆ ಸ್ವಲ್ಪ ಚೂಪಾಗಿ ಎಳೆದು, ನೆತ್ತಿಯಲ್ಲಿ ನಾಲ್ಕು ಎಸಳು ಗರಿಕೆ ಸಿಕ್ಕಿಸಿದರೆ ಬೆನಕ ಆಯಿತು. ಸೊಂಡಿಲು ಇಲ್ಲ, ಕಿವಿ ಇಲ್ಲ, ಹೊಟ್ಟೆ ಇಲ್ಲ. ಆದರೂ ಅದು ಗಟ್ಟಿಯಾಗಿ ಕೂತ ಗಣಪತಿ. ‘ಇದು ಗಣಪತಿ ಥರ ಇಲ್ವಲ್ಲ’ ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. ಉತ್ತರ ಕರ್ನಾಟಕದ ಕಡೆ ದೀಪಾವಳಿಗೆ ಸಗಣಿಯ ಪುಟ್ಟ ಗೋಪುರಗಳಿಗೆ ಹೂ ಸಿಕ್ಕಿಸಿ ಬಾಗಿಲಲ್ಲಿಟ್ಟು ಪಾಂಡವರು ಎನ್ನುತ್ತಾರೆ. ಹೊಲದ ಬದುವಿನಲ್ಲಿ ಕುಂಕುಮ ಮೆತ್ತಿಸಿಕೊಂಡು ನಿಂತ ಗುಂಡುಕಲ್ಲಿಗೆ ಉಳಿಯೇ ತಾಗಿರುವುದಿಲ್ಲ. ಹೀಗೆ ನೋಡುವ ಅಭ್ಯಾಸ ನಮ್ಮ ಜನಕ್ಕೆ ಹೊಸದೇನಲ್ಲ, ಪುಟ್ಟಿ. ಪ್ಯಾರಿಸ್ಸಿನಿಂದ ಬಂದದ್ದು ಅಂದುಕೊಂಡು ಹೆದರಬೇಡ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ಬೆನಕನ ಬೆನ್ನಿಗೆ ನಂಬಿಕೆ ಇದೆ, ಮಂತ್ರ ಇದೆ. ನಿನ್ನ ಶಿಲ್ಪಕ್ಕೆ ಅದೆಲ್ಲ ಇಲ್ಲ. ಅದರ ಉಬ್ಬು, ತಗ್ಗು, ವಾಲಿಕೆ ಇಷ್ಟರಲ್ಲೇ ಎಲ್ಲವೂ ಇರಬೇಕು.

ಆದರೂ ಪ್ಯಾರಿಸ್ಸಿನ ಒಂದು ಕತೆ ಹೇಳಲೇಬೇಕು, ಯಾಕೆಂದರೆ ನಿನ್ನಪ್ಪ ಫೋನಿನಲ್ಲಿ ‘ಇದೇನಮ್ಮಾ ಇದು, ಏನೂ ತಿಳಿಯಲ್ಲ’ ಅಂದದ್ದಕ್ಕೆ ನೀನು ಬೇಜಾರು ಮಾಡಿಕೊಂಡಿದ್ದೀಯಂತೆ.

ರೊಮೇನಿಯಾದ ಹಳ್ಳಿಯೊಂದರಿಂದ ಪ್ಯಾರಿಸ್ಸಿಗೆ ಬಂದ ಕಾನ್‌ಸ್ಟಾಂಟಿನ್ ಬ್ರಾಂಕೂಸಿ 1910ರ ಸುಮಾರಿಗೆ ಒಂದು ಹಕ್ಕಿಯನ್ನು ಮಾಡಿದರು. ‘ಮಯಾಸ್ತ್ರಾ’ ಎಂದು ಅದರ ಹೆಸರು, ಅವರ ನಾಡಿನ ಜನಪದ ಕತೆಗಳಲ್ಲಿ ಬರುವ ಮಾಯದ ಹಕ್ಕಿ. ಅದಕ್ಕೆ ಉಬ್ಬಿದ ಎದೆ ಇತ್ತು, ತೆರೆದ ಕೊಕ್ಕು ಇತ್ತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವರು ಅದೇ ಹಕ್ಕಿಯನ್ನು ಮತ್ತೆ ಮತ್ತೆ ಮಾಡಿದರು. ಕಾಲು ಹೋಯಿತು, ಕೊಕ್ಕು ಹೋಯಿತು, ಕುತ್ತಿಗೆ ಎಲ್ಲಿ ಮುಗಿದು ಮೈ ಎಲ್ಲಿ ಶುರು ಎಂಬ ಗೆರೆಯೂ ಹೋಯಿತು. 1923ರ ಹೊತ್ತಿಗೆ ಉಳಿದದ್ದು ತೆಳ್ಳಗೆ ಮೇಲೇಳುವ ಒಂದು ನೀಳ ಆಕಾರ, ನಡುವೆ ಸಣ್ಣಗೆ ಉಬ್ಬಿ ತುದಿಯಲ್ಲಿ ಓರೆಯಾಗಿ ಮುಗಿಯುವಂಥದ್ದು. ಹಕ್ಕಿ ಹೋಗಿ ಹಾರಾಟ ಉಳಿದಿತ್ತು. ಒಂದು ಕೊಕ್ಕನ್ನು ಬಿಡಲು ಆ ಮಹಾನುಭಾವರಿಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು ಎಂಬುದನ್ನು ಯೋಚಿಸು. ನಿನಗೆ ಕೊಟ್ಟಿರುವುದು ಮೂರು ವಾರ. ಅಷ್ಟರಲ್ಲಿ ಆಗದಿದ್ದರೆ ನಿನ್ನನ್ನು ನೀನು ಬೈದುಕೊಳ್ಳಬೇಡ.

ಈ ಹಕ್ಕಿಗಳಲ್ಲಿ ಕಂಚಿನದೊಂದು 1926ರಲ್ಲಿ ಹಡಗಿನಲ್ಲಿ ನ್ಯೂಯಾರ್ಕಿಗೆ ಹೋಯಿತು. ಕಲಾಕೃತಿಗೆ ಅಲ್ಲಿ ಸುಂಕವಿರಲಿಲ್ಲ. ಆದರೆ ಸುಂಕದವರು ನೋಡಿದರು: ರೆಕ್ಕೆ ಇಲ್ಲ, ಕೊಕ್ಕು ಇಲ್ಲ, ಇದೆಂಥ ಹಕ್ಕಿ? ಅಡುಗೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನುಗಳ ವರ್ಗಕ್ಕೆ ಸೇರಿಸಿ ಶೇ 40ರಷ್ಟು ಸುಂಕ ಹಾಕಿದರು. ವಿಷಯ ಕೋರ್ಟಿಗೆ ಹೋಯಿತು. ಶಿಲ್ಪಿಗಳು, ವಿಮರ್ಶಕರು ಬಂದು ಸಾಕ್ಷಿ ನುಡಿದರು. 1928ರಲ್ಲಿ ನ್ಯಾಯಾಲಯ ಬ್ರಾಂಕೂಸಿ ಪರವಾಗಿ ತೀರ್ಪು ಕೊಟ್ಟು, ಹಕ್ಕಿಯಂತೆ ಕಾಣದಿದ್ದರೂ ಇದು ಕಲಾಕೃತಿಯೇ ಎಂದು ಒಪ್ಪಿತು. ಇದೇ ಹಕ್ಕಿಗಳಲ್ಲಿ ಮೂರನ್ನು, ಒಂದು ಕಂಚು, ಒಂದು ಕಪ್ಪು ಅಮೃತಶಿಲೆ, ಒಂದು ಬಿಳಿ ಅಮೃತಶಿಲೆ, ನಮ್ಮ ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಕೊಂಡರು. ಅವುಗಳಿಗಾಗಿ ಧ್ಯಾನಮಂದಿರ ಕಟ್ಟಿಸುವ ಯೋಚನೆಯಿಂದ ಬ್ರಾಂಕೂಸಿಯನ್ನು ಇಂದೋರಿಗೂ ಕರೆಸಿಕೊಂಡರು. ಮಂದಿರ ಮೇಲೇಳಲೇ ಇಲ್ಲ. ಅಮೃತಶಿಲೆಯ ಆ ಎರಡೂ ಹಕ್ಕಿಗಳು ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿವೆ. ಅವು ಈ ನೆಲದಲ್ಲೇ ಉಳಿದಿದ್ದರೆ ನಾನು ನನ್ನ ಮಕ್ಕಳನ್ನು ರೈಲು ಹತ್ತಿಸಿ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಆ ಕೊರಗು ನನಗೆ ಇಂದಿಗೂ ಇದೆ.

ಅಪ್ಪ ಕೇಳಿದ್ದು ಆ ಸುಂಕದವರು ಕೇಳಿದ ಪ್ರಶ್ನೆಯನ್ನೇ. ಕೇಳಲಿ. ಅವರು ಬೆನಕನಿಗೆ ಕೈಮುಗಿದು ಬೆಳೆದವರು, ನೋಡುವ ಕಣ್ಣು ಅವರಿಗೂ ಇದೆ. ಸರಪಳಿ, ಪಾರಿವಾಳಗಳನ್ನು ಕಂಡ ಮೇಲೆ ಕೇಳಲು ಏನೂ ಉಳಿದಿರುವುದಿಲ್ಲ. ಅವರು ‘ಏನಿದು’ ಅಂದಮೇಲೂ ಅದರ ಸುತ್ತ ಒಂದು ಸುತ್ತು ಬಂದರೆ ನೀನು ಗೆದ್ದೆ.

ಈಗ ಎಲ್ಲಿಂದ ಶುರು ಮಾಡುವುದು ಅಂತ. ನನ್ನ ಹಿತ್ತಲಲ್ಲಿ, ಸೀಬೆಮರದ ಬುಡದಲ್ಲಿ ಅಜ್ಜಿಯ ಒರಳುಕಲ್ಲು, ರುಬ್ಬುಗುಂಡು ಎರಡೂ ಬಿದ್ದಿವೆ. ನೀನು ಐದಾರು ವರ್ಷದವಳಿದ್ದಾಗ ಆ ಗುಂಡನ್ನು ಎತ್ತಲು ಹೋಗಿ ಆಗದೆ ಜೋರಾಗಿ ಅತ್ತಿದ್ದೆ. ಆ ತೂಕ ನಿನ್ನ ಕೈಗೆ ಗೊತ್ತು. ಸ್ವಾತಂತ್ರ್ಯ ಏನೆಂದು ನಿನ್ನ ತಲೆಗೆ ಗೊತ್ತಿರಬಹುದು, ಕೈಗೆ ಇನ್ನೂ ಗೊತ್ತಿಲ್ಲ. ಶಿಲ್ಪಕ್ಕೆ ಬೇಕಾದ್ದು ಕೈಗೆ ಗೊತ್ತಿರುವ ಸಂಗತಿ.

ಭಾನುವಾರ ಬಂದು ಅದರ ಪಕ್ಕ ಒಂದು ಗಂಟೆ ಕೂತುಕೋ. ಫೋನು ಒಳಗಿರಲಿ. ಫೋಟೋದಲ್ಲಿ ಒಂದೇ ಮಗ್ಗುಲು ಕಾಣುತ್ತದೆ, ಉಳಿದ ಮಗ್ಗುಲುಗಳೆಲ್ಲ ಕೈಗೆ ಮಾತ್ರ ಸಿಗುತ್ತವೆ. ಕಣ್ಣು ಮುಚ್ಚಿ ಅಂಗೈ ಓಡಿಸು. ಬುಡ ಅಗಲ, ಉರುಟು. ಮೇಲೆ ಹೋದಂತೆ ಕಿರಿದಾಗಿ, ಕೈ ಹಿಡಿಯುವಲ್ಲಿ ನುಣ್ಣಗೆ ಸವೆದಿದೆ. ಆ ಸವೆತ ಅಜ್ಜಿಯ ಅಂಗೈಯದು, ಅವರಿಗಿಂತ ಮುಂಚೆ ಅವರ ಅತ್ತೆಯದು. ಒರಳಿನ ಗುಂಡಿಯೊಳಗೆ ಕೈ ಹಾಕು. ಹಿಟ್ಟು ರುಬ್ಬಿ ರುಬ್ಬಿ ಆ ಗುಂಡಿ ನುಣುಪಾದಾಗ ಕಲ್ಲುಕುಟಿಗರು ಬೀದಿಯಲ್ಲಿ ಕೂಗಿಕೊಂಡು ಬಂದು, ಉಳಿಯಿಂದ ಚುಚ್ಚಿ ಮತ್ತೆ ತರಿ ಮಾಡಿಕೊಟ್ಟು ಹೋಗುತ್ತಿದ್ದರು. ಒರಳಿನಲ್ಲಿ ಕೆಲಸ ಮಾಡುವುದು ಅದರ ಖಾಲಿ ಜಾಗ ಅನ್ನುವುದನ್ನು ಗಮನಿಸು. ಹೆಪ್‌ವರ್ತ್ ಹುಡುಕಿದ್ದು ಅದರ ಆಸುಪಾಸಿನದೇ ಒಂದು ವಿಷಯ.

ಆಮೇಲೆ ಮೂರು ಮಾತು ಬರೆದುಕೋ: ತೂಕ, ಸವೆತ, ತಿರುಗುವಿಕೆ. ಮೂರನ್ನೂ ಒಂದೇ ಶಿಲ್ಪದಲ್ಲಿ ತುರುಕಲು ಹೋಗಬೇಡ, ಒಂದನ್ನು ಆರಿಸಿಕೋ. ತೂಕ ಅಂದರೆ ನಿನ್ನ ಆಕಾರ ನೆಲಕ್ಕೆ ಒರಗಿ, ಕೆಳಗೆ ಅಗಲವಾಗಿ, ಮೇಲೆ ಮುಚ್ಚಿಕೊಂಡು ಕೂರುತ್ತದೆ. ತಿರುಗುವಿಕೆ ಅಂದರೆ ನೋಡುವವನ ಕಣ್ಣು ಎಲ್ಲೂ ನಿಲ್ಲದೆ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಜಾರಬೇಕು, ‘ಮುಂಭಾಗ’ ಎಂಬುದೇ ಇರಬಾರದು. ಸವೆತ ಎಲ್ಲಕ್ಕಿಂತ ಕಷ್ಟ: ಅಲ್ಲಿ ಇಲ್ಲದ ಕೈಯನ್ನು ಕಲ್ಲಿನಲ್ಲಿ ಕಾಣಿಸಬೇಕು. ನನ್ನನ್ನು ಕೇಳಿದರೆ ನಾನು ಸವೆತವನ್ನೇ ಆರಿಸುತ್ತೇನೆ, ಆದರೆ ನೀನು ನನ್ನನ್ನು ಕೇಳಬಾರದು. ರುಬ್ಬುಗುಂಡೇ ಆಗಬೇಕೆಂದೂ ಇಲ್ಲ. ಸಿಪ್ಪೆ ಬಿಚ್ಚಿದ ಹಲಸಿನ ತೊಳೆ, ನಿದ್ದೆಹೋದ ಅಮ್ಮನ ಭುಜ, ಬಸ್ಸಿನಲ್ಲಿ ನಿಂತು ಹಿಡಿದ ಕಂಬ, ನಿನ್ನ ಮೈಗೆ ಗೊತ್ತಿರುವುದು ಯಾವುದಾದರೂ ಸರಿ.

ನೋಟ್‌ಬುಕ್ಕಿನಲ್ಲಿ ಚಂದದ ಚಿತ್ರ ಬರೆದು ಅದನ್ನೇ ಶಿಲ್ಪ ಮಾಡಲು ಹೋಗಬೇಡ. ಜೇಡಿಮಣ್ಣು ತಂದು ಅಂಗೈಯಗಲದ ಮ್ಯಾಕೆಟ್ಟುಗಳನ್ನು, ಅಂದರೆ ಪುಟ್ಟ ಮಾದರಿಗಳನ್ನು, ಒಂದೇ ಸಲ ಕೂತು ಇಪ್ಪತ್ತು ಮಾಡು, ಒಂದೊಂದಕ್ಕೆ ಐದು ನಿಮಿಷ, ಅದಕ್ಕಿಂತ ಹೆಚ್ಚು ಕೊಡಬೇಡ. ಮೊದಲ ಏಳೆಂಟು ಒರಳುಕಲ್ಲಿನ ಥರವೇ ಬರುತ್ತವೆ. ಅವನ್ನು ಮತ್ತೆ ಮುದ್ದೆ ಮಾಡು. ಆಮೇಲೆ ಕೆಲವು ಬರೀ ಚೆಲುವಾಗಿ ಬರುತ್ತವೆ, ಹೂದಾನಿಯ ಹಾಗೆ. ಅವನ್ನು ಬಿಡುವಾಗ ಸಂಕಟವಾಗುತ್ತದೆ, ಆದರೂ ಬಿಡು. ಕೊನೆಯ ನಾಲ್ಕೈದರಲ್ಲಿ ಒಂದನ್ನು ಕೆಳಗಿಡಲು ನಿನ್ನ ಕೈ ಒಪ್ಪುವುದಿಲ್ಲ. ರಾತ್ರಿ ದೀಪ ಆರಿಸಿ ಅದಕ್ಕೆ ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟು ಸುತ್ತಲೂ ನೋಡು. ಎಲ್ಲಿ ನೆರಳು ಸತ್ತಂತೆ ಚಪ್ಪಟೆಯಾಗಿದೆಯೋ ಅಲ್ಲಿ ನೀನು ಇನ್ನೂ ಯೋಚನೆ ಮಾಡಿಲ್ಲ ಅಂತ ತಿಳಿ.

ಯಾವುದರಲ್ಲಿ ಮಾಡುವುದು ಎಂಬುದು ಆಮೇಲಿನ ಪ್ರಶ್ನೆಯಲ್ಲ, ಮೊದಲೇ ಮನಸ್ಸಿನಲ್ಲಿರಬೇಕು. ಆಕಾರದ ಅರ್ಧ ತೀರ್ಮಾನ ವಸ್ತುವೇ ಮಾಡುತ್ತದೆ. 1117ರ ಬೇಲೂರಿನ ಗುಡಿ ಬಳಪದ ಕಲ್ಲಿನದು. ಉಳಿಗೆ ಸುಲಭವಾಗಿ ಬಗ್ಗುವ ಕಲ್ಲು, ಅದಕ್ಕೇ ಅಲ್ಲಿ ಬೆರಳ ಉಂಗುರವನ್ನೂ ಬಿಡಿಸಿ ತೋರಿಸಿದ್ದಾರೆ. ಶ್ರವಣಬೆಳಗೊಳದ ಗೊಮ್ಮಟನದು ಗ್ರಾನೈಟ್ ಬಂಡೆ. ಅಲ್ಲಿ 981ರ ಹೊತ್ತಿಗೆ ನಮ್ಮವರು ಐವತ್ತೇಳು ಅಡಿಗೂ ಎತ್ತರದ ಮೈಯನ್ನು ನಿಲ್ಲಿಸಿದಾಗ ಮಾಂಸಖಂಡಗಳ ಲೆಕ್ಕ ಕೊಡಲಿಲ್ಲ. ಹೆಗಲು, ಎದೆ, ತೊಡೆಗಳೆಲ್ಲ ಒಂದರೊಳಗೊಂದು ಹರಿಯುವ ದೊಡ್ಡ ನುಣುಪು ಮೈಗಳಾಗಿ ನಿಂತಿವೆ. ಎಲ್ಲವನ್ನೂ ಬಿಟ್ಟುನಿಂತವನನ್ನು ತೋರಿಸಲು ಶಿಲ್ಪಿಯೂ ಎಷ್ಟೊಂದನ್ನು ಬಿಟ್ಟ! ನಮ್ಮ ನಾಡಿನಲ್ಲಿ ಅಮೂರ್ತದ ಕಡೆಗೆ ಅಷ್ಟು ಹತ್ತಿರ ಹೋದ ಮನುಷ್ಯಾಕೃತಿಯನ್ನು ನಾನು ಬೇರೆ ಕಂಡಿಲ್ಲ. ಹಾಸನದ ಕಡೆ ಹೋದಾಗ ಭಕ್ತಿಯ ಜೊತೆಗೆ ಆ ಕಣ್ಣಿನಿಂದಲೂ ಒಮ್ಮೆ ನೋಡು.

ದುಡ್ಡಿಲ್ಲ ಅಂತ ಬರೆದಿದ್ದೀಯ. ಶಾಂತಿನಿಕೇತನದಲ್ಲಿ ರಾಮ್‌ಕಿಂಕರ್ ಬೈಜ್ ಅವರಿಗೂ ಕಂಚು, ಅಮೃತಶಿಲೆ ಕೈಗೆಟುಕುವ ಮಾತಾಗಿರಲಿಲ್ಲ. 1938ರ ‘ಸಂಥಾಲ್ ಕುಟುಂಬ’ವನ್ನು ಅವರು ಸಿಮೆಂಟು ಮತ್ತು ಅಲ್ಲಿನ ಕೆಂಪು ಜಂಬಿಟ್ಟಿಗೆಯ ಚೂರುಗಳನ್ನು ಕಲಸಿ ಬಯಲಲ್ಲೇ ಮಾಡಿದರು. ಎರಡು ವರ್ಷದ ಮೇಲೆ, 1940ರಲ್ಲಿ, ಅದೇ ಸಿಮೆಂಟಿನಲ್ಲಿ ‘ದೀಪಸ್ತಂಭ’ ಮಾಡಿದರು. ಭಾರತದ ಆಧುನಿಕ ಅಮೂರ್ತ ಶಿಲ್ಪದ ಮಾತು ಬಂದಾಗ ಅದನ್ನು ನೆನೆಯದೆ ಮುಂದೆ ಹೋಗಲಾಗುವುದಿಲ್ಲ. ಬರೋಡಾದಲ್ಲಿ ಓದಿದ ಮೃಣಾಲಿನಿ ಮುಖರ್ಜಿ ಸೆಣಬಿನ ಹಗ್ಗವನ್ನು ಗಂಟು ಹಾಕುತ್ತಾ ಹಾಕುತ್ತಾ ಆಳೆತ್ತರದ, ಹೂವೂ ದೇವತೆಯೂ ಆಗಬಲ್ಲಂಥ ಆಕೃತಿಗಳನ್ನು ಕಟ್ಟಿದರು. ಚೌಕಟ್ಟು, ಹಗ್ಗ, ಬೆರಳು, ತಾಳ್ಮೆ, ಅವರ ಬಂಡವಾಳ ಅಷ್ಟೇ.

ನೀನು ಪ್ಲಾಸ್ಟರಿನಲ್ಲಿ ಮಾಡು ಎಂದು ನನ್ನ ಸಲಹೆ. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಮೇಲಿನಿಂದ ಹಚ್ಚಲೂ ಬರುತ್ತದೆ, ಕೆರೆದು ತೆಗೆಯಲೂ ಬರುತ್ತದೆ. ಮೊದಲು ಅಡಿಹಲಗೆಗೆ ಕಬ್ಬಿಣದ ಸರಳು ಬಿಗಿ, ಅದರ ಸುತ್ತ ದಪ್ಪ ತಂತಿಯ ಆರ್ಮೇಚರ್, ಅಂದರೆ ಒಳಗಿನ ಹಂದರ, ಕಟ್ಟು, ಮೇಲೆ ಕೋಳಿ ಮೆಶ್ ಸುತ್ತು. ಪ್ಲಾಸ್ಟರ್ ಕಲಸುವಾಗ ಬಕೆಟ್ಟಿಗೆ ನೀರು ಮೊದಲು, ಪುಡಿ ಆಮೇಲೆ. ಬೆರಳ ಸಂದಿಯಿಂದ ಉದುರಿಸುತ್ತಾ ಹೋಗಿ, ನೀರಿನ ಮೇಲೆ ಸಣ್ಣ ದಿಬ್ಬ ಎದ್ದಾಗ ನಿಲ್ಲಿಸು. ಒಂದೆರಡು ನಿಮಿಷ ನೆನೆಯಲು ಬಿಟ್ಟು, ಗಾಳಿ ಸೇರದಂತೆ ಕೈಯನ್ನು ಒಳಗೇ ಆಡಿಸಿ ಕಲಸು. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಗೋಣಿಯ ಚೂರುಗಳನ್ನು ಅದ್ದಿ ಮೆಶ್ ಮೇಲೆ ಹೊದಿಸು. ನಿನ್ನ ಕೈಲಿರುವುದು ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಗಟ್ಟಿಯಾಗಲು ಶುರುವಾದದ್ದಕ್ಕೆ ನೀರು ಬೆರೆಸಿ ಉಳಿಸಿಕೊಳ್ಳಲು ನೋಡಬೇಡ, ಅದಕ್ಕೆ ಮತ್ತೆ ಬಲ ಬರುವುದಿಲ್ಲ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯೇರುತ್ತದೆ. ಅಚ್ಚು ತೆಗೆಯುತ್ತೇನೆ ಅಂತ ಯಾರಾದರೂ ಅದರೊಳಗೆ ಕೈಯಿಟ್ಟು ಕೂರಲು ಹೋದರೆ ತಡೆ, ಚರ್ಮ ಸುಟ್ಟುಹೋಗುತ್ತದೆ. ಮರುದಿನ ಒಣಗಿದ್ದರ ಮೇಲೆ ಹೊಸ ಪದರ ಹಚ್ಚುವ ಮುಂಚೆ ಗೀರಿ, ಚೆನ್ನಾಗಿ ನೀರು ಕುಡಿಸು, ಇಲ್ಲದಿದ್ದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅರ, ಎಮರಿ ಪೇಪರ್ ಹಿಡಿದು ಉಜ್ಜುವಾಗ ಮಾಸ್ಕ್ ತೆಗೆಯಬೇಡ. ಇದನ್ನು ಈಗಲೇ ರೂಢಿ ಮಾಡಿಕೋ. ಮುಂದೆ ನೀನು ಗ್ರಾನೈಟಿಗೆ ಹೋಗುತ್ತೀಯ. ಆ ದೂಳು ಶ್ವಾಸಕೋಶದಲ್ಲಿ ಕೂತರೆ ಬರುವ ಸಿಲಿಕೋಸಿಸ್ಸನ್ನು ವಾಸಿ ಮಾಡುವ ಮದ್ದು ಇಂದಿಗೂ ಇಲ್ಲ. ನನ್ನ ಜೊತೆ ಕಲ್ಲಿನ ಕೆಲಸ ಮಾಡಿದ ಒಬ್ಬರು ಹಿರಿಯರು ಐವತ್ತು ತುಂಬುವ ಮೊದಲೇ ಉಸಿರಿಗಾಗಿ ಒದ್ದಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆರ್ಮೇಚರ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿನ್ನ ವಯಸ್ಸಿನಲ್ಲಿ ನಾನು ಮಾಡಿದ ಮೊದಲ ಅಮೂರ್ತ ಶಿಲ್ಪದ ಹೆಸರು ‘ಶೋಷಣೆ’. ಹೆಸರು ಮೊದಲು ಹುಟ್ಟಿತ್ತು, ಆಕಾರ ಅದರ ಹಿಂದೆ ಓಡಿಬಂದಿತ್ತು. ಬಾಗಿದ ಒಂದು ದೊಡ್ಡ ಮೈ, ತೆಳು ತಂತಿಯ ಮೇಲೆ ಮುಂದಕ್ಕೆ ಚಾಚಿಕೊಂಡಿತ್ತು. ಅದರ ಭಾರ ಅಡಿಹಲಗೆಯ ಅಂಚನ್ನು ದಾಟಿ ಹೊರಗೆ ಬೀಳುತ್ತಿದೆ ಎಂದು ನಾನು ನೋಡಿಕೊಂಡಿರಲಿಲ್ಲ. ಮೌಲ್ಯಮಾಪನದ ಹಿಂದಿನ ರಾತ್ರಿ ಅದು ಮಗುಚಿ ಮೂರು ಹೋಳಾಯಿತು. ಬೆಳಗ್ಗೆ ಹೋಗಿ ನೋಡಿ ನೆಲದ ಮೇಲೆ ಕೂತುಬಿಟ್ಟೆ. ಹೋಳುಗಳಲ್ಲಿ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಸವರುತ್ತಾ ಇದ್ದೆ. ಮೊಣಕಾಲಿನಷ್ಟು ದಪ್ಪದ, ಒಂದು ಕಡೆ ಮುರಿದು ತರಿತರಿಯಾದ ಗಟ್ಟಿ. ಎಷ್ಟು ಹೊತ್ತು ಹಾಗೆ ಕೂತೆನೋ, ಕೈಗೆ ಏನೋ ತಿಳಿಯತೊಡಗಿತು. ಅಲ್ಲಿ ಶೋಷಣೆಯೂ ಇರಲಿಲ್ಲ, ಹೆಸರೂ ಇರಲಿಲ್ಲ. ನಮ್ಮಮ್ಮ ದಿನವಿಡೀ ದುಡಿದು ರಾತ್ರಿ ಕಾಲು ಚಾಚಿ ಕೂತಾಗ ನಾನು ಒತ್ತುತ್ತಿದ್ದ ಮೊಣಕಾಲು ಅದು. ಆ ವರ್ಷ ನನಗೆ ಬಂದ ಅಂಕ ಕಡಿಮೆ. ಆದರೆ ಆಮೇಲೆ ಮಾಡಿದ್ದೆಲ್ಲ ಆ ಹೋಳಿನಿಂದಲೇ ಹುಟ್ಟಿತು.

ಹಾಗಾಗಿ ಹೆಸರನ್ನು ಕೊನೆಗೆ ಇಡು. ‘ಅಂತರಂಗದ ಅಳಲು’, ‘ಕಾಲದ ಕರೆ’ ಇಂಥವು ಬೇಡ, ಶಿಲ್ಪ ಹೇಳಲಾಗದ್ದನ್ನು ಹೆಸರಿನ ಕೈಲಿ ಹೇಳಿಸಬಾರದು. ಅದು ಎಲ್ಲಿಂದ ಬಂತೋ ಆ ವಸ್ತುವಿನ ಹೆಸರನ್ನೇ ಇಡು: ‘ರುಬ್ಬುಗುಂಡು’. ನೋಡುವವರಿಗೆ ಅಷ್ಟು ಹಿಡಿ ಸಾಕು. ಎಲ್ಲರ ಮುಂದೆ ವಿವರಿಸು ಎಂದಾಗ ಏನು ಮಾಡಿದೆ ಎನ್ನುವುದಕ್ಕಿಂತ ಏನೇನು ಬಿಟ್ಟೆ, ಯಾವುದನ್ನು ಬಿಡಲು ಮನಸ್ಸು ಬರಲಿಲ್ಲ ಎಂಬುದನ್ನು ಹೇಳು. ಯಾರಾದರೂ ‘ಇದನ್ನು ನಾನೂ ಮಾಡ್ತಿದ್ದೆ’ ಅಂದರೆ ಉಳಿದ ಜೇಡಿಮಣ್ಣು ಕೊಟ್ಟು ಪಕ್ಕದಲ್ಲಿ ಕೂರಿಸಿಕೋ. ಕೋಪದಿಂದಲ್ಲ, ನಿಜವಾಗಿ ಮಾಡಲಿ ಅಂತ.

ಈ ಮೂರು ವಾರದಲ್ಲಿ ನಡುವೆ ಒಂದು ದಿನ ಬರುತ್ತದೆ, ಎಲ್ಲವೂ ವ್ಯರ್ಥ ಅನ್ನಿಸುತ್ತದೆ. ಆ ದಿನ ಶಿಲ್ಪವನ್ನು ಮುಟ್ಟಬೇಡ. ಒದ್ದೆ ಬಟ್ಟೆ ಹೊದಿಸಿ, ಬೆಂಗಳೂರಿನ ಅರಮನೆ ರಸ್ತೆಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿ ಯಾವುದಾದರೂ ಒಂದೇ ಒಂದು ಶಿಲ್ಪದ ಮುಂದೆ ಅರ್ಧ ಗಂಟೆ ನಿಲ್ಲು. ಒಂದೇ, ಹೆಚ್ಚು ಬೇಡ. ಸಂಜೆ ನನಗೆ ಫೋನು ಮಾಡು.

ಇವತ್ತು ಸಂಜೆ ಗುಂಡನ್ನು ತೊಳೆದು ಇಟ್ಟಿದ್ದೇನೆ. ಪಾಚಿ ಹೋಗಿ ಕಲ್ಲಿನ ಬಣ್ಣ ಬಂದಿದೆ, ಅಜ್ಜಿ ಹಿಡಿಯುತ್ತಿದ್ದ ಜಾಗ ಈಗಲೂ ಹೊಳೆಯುತ್ತದೆ. ಅದನ್ನು ಒಳಗೆ ತರಲು ನನ್ನೊಬ್ಬಳ ಕೈಲಿ ಆಗಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಬಾ, ಇಬ್ಬರೂ ಸೇರಿ ಎತ್ತೋಣ.

ನಿನ್ನ
ಸೋದರತ್ತೆ